ಯಶೋಧರ ಪೈಂಟ್

ಪೈಂಟರ್ ಎಂಬ ಶಬ್ದದ ಮೇಲೆ ನನಗೆ ಸಿಟ್ಟಿದೆ. ಇಂಗ್ಲಿಷಿನವರು ಅಷ್ಟು ದೊಡ್ಡ ಭಾಷೆ ಇಟ್ಟುಕೊಂಡು, ಗೋಡೆಗೆ ಬಣ್ಣ ಬಳಿಯುವವನಿಗೂ ಚಿತ್ರ ಬರೆಯುವವನಿಗೂ ಒಂದೇ ಹೆಸರು ಕೊಟ್ಟು ಕೈತೊಳೆದುಕೊಂಡಿದ್ದಾರೆ. ಜಿಪುಣತನಕ್ಕೂ ಒಂದು ಮಿತಿ ಬೇಡವೇ? ಅರಬರು ಹಾಗಲ್ಲ. ಗೋಡೆಯವನು ಸಬ್ಬಾಗ್, ಚಿತ್ರದವನು ರಸ್ಸಾಮ್. ಒಬ್ಬನ ಚಪ್ಪಲಿ ಇನ್ನೊಬ್ಬ ಮೆಟ್ಟುವ ಪ್ರಶ್ನೆಯೇ ಇಲ್ಲ. ಈ ಎರಡು ಭಾಷೆಗಳ ಸಂದಿಯಲ್ಲಿ ಬಿದ್ದು ಒದ್ದಾಡಿದವರು ಮಲ್ಪೆಯ ಯಶೋಧರ ಮೆಂಡನ್. ನಾನು ಅವರನ್ನು ಕರೆಯುವುದು ಯಶೋಧರಣ್ಣ ಎಂದು.

ನಾನು ವೈಲೆಟ್. ಊರು ಶಿರ್ವ. ಕುವೈತಿನ ಸಬ್ಹಾನಿನಲ್ಲಿ ಒಂದು ಮೇಂಟೆನೆನ್ಸ್ ಕಂಪೆನಿಯಲ್ಲಿ ಸೆಕ್ರೆಟರಿ. ಹೆಸರಿಗೆ ಸೆಕ್ರೆಟರಿ, ಮಾಡುವುದು ಎಲ್ಲವನ್ನೂ. ಯಾರ ಇಕಾಮಾ, ಎಂದರೆ ವಾಸದ ಪರವಾನಗಿ, ಯಾವಾಗ ಮುಗಿಯುತ್ತದೆ ಎಂದು ನೋಡುವುದು, ಯಾವ ಕೆಲಸಕ್ಕೆ ಯಾರನ್ನು ಕಳಿಸುವುದು ಎಂದು ಬರೆಯುವುದು, ಕ್ಯಾಂಪಿನಲ್ಲಿ ಎಸಿ ಕೆಟ್ಟರೆ ಬೈಗುಳ ತಿನ್ನುವುದು. ನನ್ನ ನಾಲಿಗೆ ಉದ್ದ ಎಂದು ಆಫೀಸಿನಲ್ಲಿ ಎಲ್ಲರೂ ಹೇಳುತ್ತಾರೆ. ಯಶೋಧರಣ್ಣನಿಗೆ ನಾಲಿಗೆಯೇ ಇರಲಿಲ್ಲ. ನಮ್ಮಿಬ್ಬರಿಗೆ ಸರಿಹೊಂದಿದ್ದು ಹಾಗೆ.

ಊರಿನಲ್ಲಿ ಅವರು ಬೋಟಿಗೆ ಬರೆಯುತ್ತಿದ್ದರು. ಮಳೆಗಾಲದಲ್ಲಿ ಮೀನುಗಾರಿಕೆ ನಿಂತು ಬೋಟುಗಳು ದಡ ಹತ್ತಿದಾಗ ಅವರ ಕೆಲಸ ಶುರು. ಬೋಟಿನ ಮುಂಭಾಗದ ಎರಡೂ ಬದಿಗೆ ತಾವರೆ, ಹುಲಿಯ ಮುಖ, ಬಾಲ ಎತ್ತಿದ ಮೀನು, ಕೊನೆಗೆ ಬೋಟಿನ ಹೆಸರು. ಕಲಿಸಿದವರು ಬಾಬಣ್ಣ ಎಂಬ ಮುದುಕ. ಅವರದ್ದೊಂದು ಕಟ್ಟುನಿಟ್ಟು ಇತ್ತಂತೆ: ಹೆಸರಿಲ್ಲದ ಬೋಟು ನೀರಿಗಿಳಿಯಬಾರದು, ನೀರಿಗಿಳಿಯದ ಬೋಟಿಗೆ ಹೆಸರು ಬರೆಯಬಾರದು. ಇದನ್ನು ಯಶೋಧರಣ್ಣ ನನಗೆ ಎಷ್ಟು ಸಲ ಹೇಳಿದ್ದಾರೋ ಲೆಕ್ಕವಿಲ್ಲ. ಹೇಳುವಾಗ ಕೈ ಗಾಳಿಯಲ್ಲಿ ತನ್ನಷ್ಟಕ್ಕೆ ಅಕ್ಷರ ಬರೆಯುತ್ತಿತ್ತು.

ಆಗ ಏಜೆಂಟನೊಬ್ಬ ಬಂದು, ‘ಕುವೈತಿಗೆ ಪೈಂಟರ್ ಬೇಕಂತೆ’ ಅಂದ. ಈ ಮಹಾನುಭಾವರು ತಗಡಿನ ಪೆಟ್ಟಿಗೆಯಲ್ಲಿ ಅಳಿಲಿನ ಕೂದಲಿನ ಬ್ರಶ್ಶುಗಳನ್ನೆಲ್ಲ ಬಟ್ಟೆಯಲ್ಲಿ ಸುತ್ತಿಟ್ಟುಕೊಂಡು ವಿಮಾನ ಹತ್ತಿದರು. ವೀಸಾದಲ್ಲಿ ಅರಬಿಯಲ್ಲಿ ಸಬ್ಬಾಗ್ ಎಂದು ಬರೆದಿತ್ತು. ಓದಲು ಬಂದರಲ್ಲವೇ! ಸಬ್ಹಾನಿನ ಕ್ಯಾಂಪಿನಲ್ಲಿ ಪೆಟ್ಟಿಗೆ ಬಿಚ್ಚಿದಾಗ ರೂಮಿನವರೆಲ್ಲ ನಕ್ಕರಂತೆ. ‘ಭಾಯಿ, ಈ ಬ್ರಶ್ಶಿನಲ್ಲಿ ಟ್ಯಾಂಕಿಗೆ ಬಣ್ಣ ಹೊಡೀತೀಯಾ?’ ಮರುದಿನ ಮೀನಾ ಅಬ್ದುಲ್ಲಾದ ಎಣ್ಣೆ ಶುದ್ಧೀಕರಣ ಘಟಕಕ್ಕೆ ಕರೆದುಕೊಂಡು ಹೋಗಿ ಕೈಗೆ ರೋಲರ್ ಕೊಟ್ಟರು.

ಅಲ್ಲಿಂದ ಮುಂದೆ ಅವರ ಜೀವನವೆಂದರೆ ಕಂಬಿಗೆ ಹಳದಿ, ಬೆಂಕಿ ನೀರಿನ ಪೈಪಿಗೆ ಕೆಂಪು, ಗೋಡೆಗೆ ಬಿಳಿ. ಒಂದೇ ಸಂತೋಷ ಎಂದರೆ ಪೈಪುಗಳ ಮೇಲೆ ಬಾಣದ ಗುರುತು ಬರೆಯುವುದು. ಎಣ್ಣೆ ಯಾವ ಕಡೆ ಹರಿಯುತ್ತದೆ ಎಂದು ತೋರಿಸುವ ಆ ಬಾಣಗಳಿಗೆ ಅವರು ಅಂಚು ಎಳೆಯುತ್ತಿದ್ದರು. ಅದನ್ನು ನೋಡಿ ಫೋರ್‌ಮನ್, ‘ಇದೆಂತ ಮದುಮಗಳ ಮದರಂಗಿಯಾ’ ಎಂದು ಗದರಿಸಿ ಅಳಿಸಿಸಿದ.

ಮನೆಯಲ್ಲಿ ಮಾತ್ರ ಯಾರಿಗೂ ಇದು ಗೊತ್ತಿರಲಿಲ್ಲ. ಹೆಂಡತಿ ಪುಷ್ಪಾವತಿ, ಮಗಳು ಅಪೇಕ್ಷಾ, ಅಕ್ಕಪಕ್ಕದವರು, ಎಲ್ಲರೂ ತಿಳಿದುಕೊಂಡಿದ್ದದ್ದು ಯಶೋಧರ ಕುವೈತಿನ ದೊಡ್ಡ ಕಂಪೆನಿಯಲ್ಲಿ ಚಿತ್ರ ಬರೆಯುತ್ತಾನೆ ಎಂದು. ಅವರು ಸುಳ್ಳು ಹೇಳಲಿಲ್ಲ. ‘ಪೈಂಟರ್’ ಅಂದರು, ಅಷ್ಟೆ. ಆ ದರಿದ್ರ ಶಬ್ದ ಅವರ ಮಾನವನ್ನು ಅಷ್ಟು ವರ್ಷ ಕಾಪಾಡಿತು. ಅಪೇಕ್ಷಾ ಶಾಲೆಯಲ್ಲಿ ‘ನನ್ನ ತಂದೆ’ ಎಂದು ಪ್ರಬಂಧ ಬರೆದು ಬಹುಮಾನ ತೆಗೆದುಕೊಂಡಿದ್ದಳಂತೆ. ಅದನ್ನು ನನಗೆ ಹೇಳುವಾಗ ಅವರು ನಗಲಿಲ್ಲ.

ಕಳೆದ ವರ್ಷ ಅವರಿಗೆ ಅರವತ್ತು ತುಂಬಿತು. ಇನ್ನು ಇಕಾಮಾ ಹೊಸತು ಮಾಡುವುದಿಲ್ಲ, ಖಲಾಸ್ ಎಂದು ಕಫೀಲ್, ಎಂದರೆ ವೀಸಾ ಕೊಟ್ಟ ಧಣಿ, ಹೇಳಿಬಿಟ್ಟ. ಅದನ್ನು ಅವರಿಗೆ ತಿಳಿಸುವ ಕೆಲಸವೂ ನನ್ನದೇ. ಅಳುತ್ತಾರೆ ಅಂದುಕೊಂಡಿದ್ದೆ. ಅವರು ಟೇಬಲಿನ ಅಂಚನ್ನು ಉಗುರಿನಿಂದ ಕೆರೆಯುತ್ತಾ ನಿಂತರು.

‘ಹೋಗುದಕ್ಕೆ ಬೇಜಾರಿಲ್ಲ ಬಾಯಿ,’ ಅಂದರು. ಊರಿನಲ್ಲಿ ನಮ್ಮ ಕ್ರಿಶ್ಚಿಯನ್ ಹೆಂಗಸರನ್ನು ಬಾಯಿ ಅನ್ನುವ ರೂಢಿ; ಅವರು ಅದನ್ನು ಕುವೈತಿಗೂ ತಂದಿದ್ದರು. ‘ಆದ್ರೆ ಒಂದು ಕಡೆ, ಒಂದೇ ಕಡೆ, ಪೈಂಟರ್ ಯಶೋಧರ ಅಂತ ಹೆಸ್ರು ಬರ್ಬೇಕಿತ್ತು. ಮನೆಗೆ ತಕೊಂಡೋಗಿ ತೋರಿಸ್ಲಿಕ್ಕೆ ಎಂತದೂ ಇಲ್ಲ ನನ್ನತ್ರ.’

‘ಚಾಕಲೇಟ್ ತಕೊಂಡೋಗಿ. ಎಲ್ಲರೂ ಅದನ್ನೇ ತಕೊಂಡೋಗುದು,’ ಅಂದೆ ನಾನು. ನನಗೆ ಸಂಕಟವಾದಾಗ ಇಂಥ ಮಾತೇ ಬರುವುದು.

ಶುವೈಖಿನಲ್ಲಿ ಹಳೆಯ ಗೋದಾಮೊಂದನ್ನು ಗ್ಯಾಲರಿ ಮಾಡಿದ್ದಾರೆ. ಒಂದು ಪ್ರದರ್ಶನ ಮುಗಿದು ಇನ್ನೊಂದು ಬರುವ ನಡುವೆ ಮೊಳೆಯ ತೂತು ಮುಚ್ಚಿ ಗೋಡೆ ಬೆಳ್ಳಗೆ ಮಾಡುವುದು ನಮ್ಮ ಕಂಪೆನಿಯ ಗುತ್ತಿಗೆ. ಬಹಳ ವರ್ಷಗಳಿಂದ ಅದು ಯಶೋಧರಣ್ಣನ ಕೆಲಸ. ಈ ಸಲ ಅಲ್ಲಿಗೆ ಬಂದದ್ದು ಮಂಗೋಲಿಯಾದ ಕಲಾವಿದರು. ಅವರಲ್ಲಿ ಸೊಲೊಂಗೊ ಎಂಬ ಹೆಂಗಸು ದೊಡ್ಡ ಗೋಡೆಯ ಮೇಲೆಯೇ ನೇರವಾಗಿ ಚಿತ್ರ ಬರೆಯುವವಳು. ಅವಳ ಸಹಾಯಕನಿಗೆ ವೀಸಾ ಸಿಗಲಿಲ್ಲ. ಗ್ಯಾಲರಿಯ ಮುದೀರ್, ಎಂದರೆ ಮ್ಯಾನೇಜರ್, ನನಗೆ ಫೋನ್ ಮಾಡಿ ಒಬ್ಬ ಪೈಂಟರನ್ನು ಕಳಿಸಲು ಹೇಳಿದ.

ವ್ಯಾನು ಮೀನಾ ಅಬ್ದುಲ್ಲಾಕ್ಕೆ ಹೋಗಿದ್ದರಿಂದ ನಾನೇ ಕಾರಿನಲ್ಲಿ ಬಿಟ್ಟೆ. ರೋಲರ್, ಬಕೆಟ್, ಮಾಸ್ಕಿಂಗ್ ಟೇಪ್ ಹಿಡಿದುಕೊಂಡು ಯಶೋಧರಣ್ಣ ಒಳಗೆ ಬಂದರು. ಸೊಲೊಂಗೊ ಗಿಡ್ಡ ಹೆಂಗಸು, ಕೆಂಪು ಕೆನ್ನೆ, ಪ್ಯಾಂಟಿನ ತುಂಬ ಬಣ್ಣದ ಕಲೆ.

‘ಯೂ ಪೈಂಟರ್?’ ಎಂದು ಕೇಳಿದಳು.

‘ಯೆಸ್ ಮೇಡಮ್. ಪೈಂಟರ್.’

‘ಗುಡ್! ಮಿ ಪೈಂಟರ್!’ ಎಂದು ಅವರ ಕೈಯ ರೋಲರನ್ನು ಕೆಳಗಿಡಿಸಿ ಒಂದು ಸಣ್ಣ ಬ್ರಶ್ ಕೊಟ್ಟಳು.

ತಿದ್ದಲು ನಾನು ಬಾಯಿ ತೆರೆದಿದ್ದೆ. ಯಶೋಧರಣ್ಣನ ಮುಖ ನೋಡಿ ಮುಚ್ಚಿಕೊಂಡೆ. ಆ ಬ್ರಶ್ಶನ್ನು ಹಸಿ ಬಾಣಂತಿಯ ಮಗುವನ್ನು ಎತ್ತಿಕೊಂಡ ಹಾಗೆ ಎರಡೂ ಕೈಯಲ್ಲಿ ಹಿಡಿದಿದ್ದರು.

ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಆಗಲೇ ಅರ್ಧ ಊರು ಎದ್ದು ನಿಂತಿತ್ತು. ಅದು ಅವರ ದೇಶದ ಹಳೆಯ ಕ್ರಮವಂತೆ. ನೆರಳಿಲ್ಲ, ದೂರದ್ದು ಸಣ್ಣ ಹತ್ತಿರದ್ದು ದೊಡ್ಡ ಎಂಬ ಭೇದವಿಲ್ಲ, ಹದ್ದು ಮೇಲಿನಿಂದ ನೋಡಿದ ಹಾಗೆ ಇಡೀ ಬಯಲು, ಬಯಲಿನ ತುಂಬ ಪುಟ್ಟ ಪುಟ್ಟ ಜನ. ಕ್ರಮ ಹಳೆಯದು, ಜನ ಮಾತ್ರ ಈಗಿನವರು. ಫ್ಲ್ಯಾಟುಗಳ ನಡುವೆ ಇಕ್ಕಟ್ಟಿನಲ್ಲಿ ಉಣ್ಣೆಯ ದುಂಡು ಡೇರೆಗಳು. ಟ್ರಾಫಿಕ್ ಸಿಗ್ನಲಿನಲ್ಲಿ ಕಾಯುತ್ತಿರುವ ಕುದುರೆ, ಅದರ ಮೇಲಿನವನ ಕೈಯಲ್ಲಿ ಮೊಬೈಲ್. ಬಾಲ್ಕನಿಯಲ್ಲಿ ನಿಂತು ಸೌಟಿನಿಂದ ಆಕಾಶಕ್ಕೆ ಹಾಲು ಚಿಮುಕಿಸುವ ಮುದುಕಿ. ಕಲ್ಲಿದ್ದಲಿನ ಹೊಗೆಯನ್ನು ಸೊಲೊಂಗೊ ಹಳೆಯ ದೇವರ ಪಟಗಳ ಮೋಡದ ಹಾಗೆ ಸುರುಳಿ ಸುರುಳಿಯಾಗಿ ಬರೆದಿದ್ದಳು. ಪಕ್ಕದ ಕೋಣೆಯಲ್ಲಿ ಉಳಿದವರ ಕೆಲಸಗಳಿದ್ದವು: ಉಣ್ಣೆಯ ಕಂಬಳಿಗೆ ಕಂಪ್ಯೂಟರಿನ ವಯರು ಹೊಲಿದದ್ದು, ಕುದುರೆಯ ಬಾಲದ ಕೂದಲನ್ನು ಟ್ಯೂಬ್‌ಲೈಟಿಗೆ ಹೆಣೆದದ್ದು. ಅವು ನನಗೆ ಅರ್ಥವಾಗಲಿಲ್ಲ, ಆಗದಿದ್ದರೆ ನಷ್ಟವೂ ಇಲ್ಲ. ಈ ಗೋಡೆ ಮಾತ್ರ ಯಾರಿಗೂ ಅರ್ಥವಾಗುವಂಥದ್ದು.

ಮೊದಲು ಯಶೋಧರಣ್ಣ ಬಯಲಿಗೆ ಬಣ್ಣ ತುಂಬಿದರು. ಆಮೇಲೆ ಅಂಚು ಎಳೆದರು. ಸ್ಕೇಲಿಲ್ಲದೆ, ಉಸಿರು ಬಿಗಿಹಿಡಿದು, ಒಂದೇ ಎಳೆತದಲ್ಲಿ ಕುದುರೆಯ ಬೆನ್ನು ಎಳೆದದ್ದನ್ನು ನೋಡಿ ಸೊಲೊಂಗೊ ಕೆಲಸ ನಿಲ್ಲಿಸಿದಳಂತೆ. ‘ಜುರಾಚ್,’ ಅಂದಳಂತೆ. ಅವರ ಭಾಷೆಯಲ್ಲಿ ಚಿತ್ರಗಾರನಿಗೆ ಹಾಗೆ ಹೇಳುವುದು. ಸಂಜೆ ಕಾರಿನಲ್ಲಿ ಯಶೋಧರಣ್ಣ ಅದನ್ನು ಮತ್ತೆ ಮತ್ತೆ ಹೇಳಿಕೊಂಡರು. ನಲುವತ್ತು ವರ್ಷದ ಹಿಂದೆ ಮದುವೆಯಾದ ಹೆಂಡತಿಯ ಹೆಸರನ್ನೂ ಅಷ್ಟು ಪ್ರೀತಿಯಿಂದ ಹೇಳುವ ಗಂಡಸನ್ನು ನಾನು ಕಂಡಿಲ್ಲ.

‘ನಮ್ಮ ಬೋಟಿನ ಚಿತ್ರಕ್ಕೂ ನೆರಳಿಲ್ಲ ಬಾಯಿ. ಅವ್ರದ್ದೂ ಹಾಗೇ. ಮತ್ತೆ ಅವ್ರ ಚಾ ಉಂಟಲ್ಲ, ಹಾಲು, ಉಪ್ಪು ಹಾಕ್ತಾರೆ ಅದಕ್ಕೆ! ಕುಡಿದ್ರೆ ಗಂಜಿತಿಳಿ ಕುಡಿದ ಹಾಗೇ ಆಗ್ತದೆ.’

‘ಹಾಗಾದ್ರೆ ಉಪ್ಪಿನಕಾಯಿ ಕಟ್ಟಿಕೊಡ್ತೇನೆ ನಾಳೆ, ಇಬ್ಬರೂ ನೆಕ್ಕಿಕೊಳ್ಳಿ,’ ಅಂದೆ.

ಬಲಗಡೆಯ ಕೆಳಗಿನ ಮೂಲೆ ಖಾಲಿ ಇತ್ತು. ಸೊಲೊಂಗೊ ಅದನ್ನು ತೋರಿಸಿ, ‘ಯುವರ್ ಪ್ಲೇಸ್. ಯೂ ಡ್ರಾ,’ ಅಂದಳು. ನಿನ್ನ ಜಾಗ ಎಂದಳೋ ನಿನ್ನ ಊರು ಎಂದಳೋ ಅವಳಿಗೇ ಗೊತ್ತು. ಯಶೋಧರಣ್ಣ ಎರಡನ್ನೂ ಸೇರಿಸಿ ಅರ್ಥ ಮಾಡಿಕೊಂಡರು. ಸಮುದ್ರವೇ ಇಲ್ಲದ ಆ ಹುಲ್ಲುಗಾವಲಿನಲ್ಲಿ ಒಂದು ಕೆಂಪು ಬೋಟು ಬರೆದರು. ಹುಲಿಯ ಮುಖ, ತಾವರೆ, ಹಗ್ಗ ಎಳೆಯುವ ಗಂಡಸರು, ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತ ಹೆಂಗಸರು. ಮೀನಿನ ಬುಟ್ಟಿಯನ್ನು ಇಣುಕಿ ನೋಡುವ ಎರಡು ಒಂಟೆಗಳನ್ನು ಸೊಲೊಂಗೊ ಪಕ್ಕದಲ್ಲಿ ಸೇರಿಸಿದಳು. ಅದನ್ನು ನಾನು ಎರಡು ಸಲ ಹತ್ತಿರ ಹೋಗಿ ನೋಡಿದೆ. ಇಷ್ಟು ವರ್ಷ ಈ ಮನುಷ್ಯನನ್ನು ನಾನು ಕಂಬಿಗೆ ಬಣ್ಣ ಹೊಡೆಯಲು ಕಳಿಸುತ್ತಿದ್ದೆ.

ಬೋಟಿನ ಬದಿಯಲ್ಲಿ ಹೆಸರು ಬರೆಯುವ ಪಟ್ಟಿ ಖಾಲಿ ಇತ್ತು.

‘ನೇಮ್?’ ಎಂದು ಸೊಲೊಂಗೊ ಕೇಳಿದಳು.

‘ಟುಮಾರೋ ಮೇಡಮ್. ಲಾಸ್ಟ್.’

ಹೆಸರು ಕೊನೆಗೆ. ಬಾಬಣ್ಣನ ಕಟ್ಟುನಿಟ್ಟು. ಊರಿನಲ್ಲಿ ಎಷ್ಟೋ ಬೋಟಿಗೆ ಬೇರೆಯವರ ದೇವರ ಹೆಸರು, ಬೇರೆಯವರ ಮಕ್ಕಳ ಹೆಸರು ಬರೆದಿದ್ದಾರೆ. ಈ ಬೋಟಿಗೆ ತನ್ನದೇ ಹೆಸರು ಬರೆಯುತ್ತೇನೆ ಎಂದು ನನ್ನ ಹತ್ತಿರ ನಾಚಿಕೊಂಡು ಹೇಳಿದರು.

ಬೆಳಿಗ್ಗೆ ಮೀನಾ ಅಬ್ದುಲ್ಲಾದಲ್ಲಿ ತುರ್ತು ಕೆಲಸ ಬಂತು. ಫೋರ್‌ಮನ್ ಕ್ಯಾಂಪಿಗೆ ವ್ಯಾನು ತಂದು ‘ಯಲ್ಲಾ, ಯಲ್ಲಾ’ ಎಂದು ಎಲ್ಲರನ್ನೂ ತುಂಬಿಕೊಂಡು ಹೋದ. ನಾನು ಅವನ ಮೇಲೆ ಹಾರಾಡಿದೆ, ಒಂದು ಗಂಟೆ ಬಿಡು ಎಂದು ಬೇಡಿದೆ ಕೂಡ. ಎಮ್ಮೆಯ ಮೇಲೆ ಮಳೆ ಸುರಿದ ಹಾಗಾಯಿತು. ಪ್ರದರ್ಶನ ತೆರೆಯುವ ತನಕ ಯಶೋಧರಣ್ಣನಿಗೆ ಶುವೈಖಿನ ಮುಖ ನೋಡಲು ಸಿಗಲಿಲ್ಲ. ಬೋಟು ಹೆಸರಿಲ್ಲದೆ ನಿಂತಿತು. ಆದರೆ ಸೊಲೊಂಗೊ ನನಗೆ ಫೋನಿನಲ್ಲಿ ಹೇಳಿದ್ದಳು: ಗೋಡೆಯ ಪಕ್ಕ ಅಂಟಿಸುವ ಚೀಟಿಯಲ್ಲಿ ಅವರ ಹೆಸರು ಹಾಕಲು ಗ್ಯಾಲರಿಯವರಿಗೆ ಬರೆದು ಕೊಟ್ಟಿದ್ದೇನೆ ಎಂದು. ಅದನ್ನು ಹೇಳಿದಾಗ ಯಶೋಧರಣ್ಣ, ‘ಚೀಟಿ ಆದ್ರೆ ಇನ್ನೂ ಲಾಯ್ಕ ಬಾಯಿ. ಪ್ರಿಂಟ್ ಆಗಿರ್ತದಲ್ಲ,’ ಅಂದರು.

ಉದ್ಘಾಟನೆಯ ಸಂಜೆ ಇಸ್ತ್ರಿ ಮಾಡಿದ ಅಂಗಿ ಹಾಕಿ ನನ್ನ ಕಾರಿನಲ್ಲಿ ಕುಳಿತರು. ಒಳಗೆ ದೊಡ್ಡ ಜನ, ಸುಗಂಧ, ಖರ್ಜೂರ, ಇಂಗ್ಲಿಷು. ಸೊಲೊಂಗೊ ಅವರ ನಡುವೆ ನೀಲಿ ರೇಷ್ಮೆಯ ನಿಲುವಂಗಿ ತೊಟ್ಟು ನಿಂತಿದ್ದಳು. ಇವರನ್ನು ಕಂಡು ದೂರದಿಂದಲೇ ಕೈ ಎತ್ತಿದಳು; ಹತ್ತಿರ ಬರಲು ಯಾರೂ ಬಿಡಲಿಲ್ಲ. ಯಶೋಧರಣ್ಣ ನೇರ ಚೀಟಿಯ ಹತ್ತಿರ ಹೋಗಿ ಕನ್ನಡಕ ಒರೆಸಿ ಓದಿದರು. ಮತ್ತೆ ಓದಿದರು.

‘ಬಂದಿದೆ ಬಾಯಿ. ಹೆಸ್ರು ಬಂದಿದೆ.’

ನಾನು ಓದಿದೆ. ಎಲ್ಲವೂ ಇಂಗ್ಲಿಷಿನಲ್ಲಿ. ಮೇಲೆ ಸೊಲೊಂಗೊ ಎಂಬ ಹೆಸರು. ಅದರ ಕೆಳಗೆ ಚಿತ್ರದ ಹೆಸರು, ‘ನಮ್ಮ ಮನೆಗಳು’. ಅದರ ಕೆಳಗೆ, ಏನೇನು ಬಳಸಿ ಮಾಡಿದ್ದು ಎಂಬ ಸಾಲು: ಅಕ್ರಿಲಿಕ್, ಚಿನ್ನದ ಪುಡಿ, ಯಶೋಧರ ಪೈಂಟ್.

‘ಪೈಂಟರಿನ ಕೊನೆ ಎರಡು ಅಕ್ಷರ ಬಿಟ್ಟಿದ್ದಾರೆ. ಪರ್ವಾಗಿಲ್ಲ. ಗೊತ್ತಾಗ್ತದಲ್ಲ, ಅಲ್ವಾ?’ ಎಂದು ಕೇಳಿದರು. ಮೊಬೈಲ್ ತೆಗೆದು ಚೀಟಿಯ ಫೋಟೋ ಹೊಡೆದರು, ಹತ್ತಿರದಿಂದ ಮತ್ತೊಮ್ಮೆ ಹೊಡೆದರು, ಮನೆಗೆ ಕಳಿಸಿದರು. ನಾನು ತಡೆಯುವಷ್ಟರಲ್ಲಿ ಹೋಗಿಬಿಟ್ಟಿತ್ತು.

ಚೀಟಿ ಮಾಡಿದ ಹುಡುಗಿಯನ್ನು ಹುಡುಕಿಕೊಂಡು ಹೋದೆ. ಹೆಸರು ನಶ್ರಾ, ಉಳ್ಳಾಲದ ಬ್ಯಾರಿ ಮನೆತನದವಳು, ಹುಟ್ಟಿದ್ದು ಬೆಳೆದದ್ದು ಇಲ್ಲೇ. ಕನ್ನಡ ಅರ್ಥವಾಗುತ್ತದೆ, ಉತ್ತರ ಇಂಗ್ಲಿಷಿನಲ್ಲೇ.

‘ಎಂತ ಬರ್ದಿದ್ದಿ ಮಾರಾಯ್ತಿ ಅಲ್ಲಿ? ಯಶೋಧರ ಎಂಬುದು ಮನುಷ್ಯ. ಆ ಬೋಟು ಬರೆದವರು.’

ಅವಳು ಕೈಯನ್ನು ಬಾಯಿಗೆ ಒತ್ತಿಕೊಂಡಳು. ‘ಓ ಮೈ ಗಾಡ್, ಆಂಟಿ. ಸೊಲೊಂಗೊ ರೋಟ್ “ವಾಲ್, ಯಶೋಧರ ಪೈಂಟರ್”. ಐ ಥಾಟ್ ಶಿ ಮೆಂಟ್ ಪೈಂಟ್. ಐ ಥಾಟ್ ಇಟ್ಸ್ ಎ ಬ್ರ್ಯಾಂಡ್.’ ಆಮೇಲೆ ಸ್ವಲ್ಪ ಯೋಚಿಸಿ, ‘ಬಟ್ ಆಂಟಿ, ಹೀ ಈಸ್ ದ ವಾಲ್ ಪೈಂಟರ್, ನೋ?’ ಎಂದಳು.

ಕೆಟ್ಟ ಹುಡುಗಿಯೇನೂ ಅಲ್ಲ. ತಿದ್ದಿ ಹೊಸ ಚೀಟಿ ಹಾಕಲು ಮುದೀರನನ್ನು ಕೇಳಿದಳು ಕೂಡ. ಪ್ರದರ್ಶನದ ಪುಸ್ತಕದಲ್ಲೂ ಹಾಗೇ ಅಚ್ಚಾಗಿ ಹೋಗಿದೆ, ಇದು ಇರುವುದು ಸ್ವಲ್ಪ ದಿನ, ಈಗ ಯಾಕೆ ಎಂದು ಅವನು ಹೇಳಿದ. ದೇವರು ಕೊಟ್ಟರೂ ಪೂಜಾರಿ ಕೊಡ. ಸೊಲೊಂಗೊ ಮರುದಿನವೇ ವಿಮಾನ ಹತ್ತಿದಳು.

ಉದ್ಘಾಟನೆ ಮುಗಿಸಿ ವಾಪಸು ಬರುವಾಗ, ಇದನ್ನು ಯಶೋಧರಣ್ಣನಿಗೆ ಹೇಗೆ ಹೇಳುವುದು ಎಂದು ಯೋಚಿಸುತ್ತಾ ನಾನು ಕಾರು ಓಡಿಸುತ್ತಿದ್ದೆ. ಹೇಳುವ ಕಷ್ಟ ನನಗೆ ಬರಲಿಲ್ಲ. ಅಪೇಕ್ಷಾಳ ಫೋನ್ ಬಂತು. ಯಶೋಧರಣ್ಣ ಖುಷಿಯಲ್ಲಿ, ನನಗೂ ಕೇಳಲಿ ಎಂದು, ಸ್ಪೀಕರಿಗೆ ಹಾಕಿದರು.

‘ಪಪ್ಪ, ಫೋಟೋ ನೋಡಿದೆ. ಅಲ್ಲಿ ನಿಮ್ಮ ಹೆಸ್ರಿನ ಪೈಂಟ್ ಕಂಪೆನಿ ಉಂಟಾ?’

‘ಕಂಪೆನಿ ಅಲ್ಲ ಮಗಾ. ನಾನೇ ಅದು.’

‘ನೀವಲ್ಲ ಪಪ್ಪ. ಅದು ಸಾಮಾನಿನ ಹೆಸ್ರು ಬರೆದದ್ದು. ಅಕ್ರಿಲಿಕ್, ಚಿನ್ನದ ಪುಡಿ, ಮತ್ತೆ ಗೋಡೆಗೆ ಹೊಡಿಯುವ ಪೈಂಟ್. ಸರಿ ಓದಿ ನೋಡಿ.’ ಮತ್ತೆ ಮೆಲ್ಲ ಕೇಳಿದಳು. ‘ಪಪ್ಪ, ನೀವು ಅಲ್ಲಿ ಎಂತ ಕೆಲ್ಸ ಮಾಡುದು?’

‘ಹಲೋ,’ ಅಂದರು ಯಶೋಧರಣ್ಣ. ‘ಹಲೋ. ಕೇಳುದಿಲ್ಲ ಮಗಾ. ಇಲ್ಲಿ ನೆಟ್‌ವರ್ಕ್ ಇಲ್ಲ. ಹಲೋ.’ ಫೋನು ಕತ್ತರಿಸಿ ತೊಡೆಯ ಮೇಲೆ ಬೋರಲು ಹಾಕಿದರು.

ಕುವೈತಿನ ನಡು ರಸ್ತೆಯಲ್ಲಿ ನೆಟ್‌ವರ್ಕ್ ಇಲ್ಲದಿರುವುದು ಎಲ್ಲಿ? ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು, ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ಎದುರು ಬಂದ ಕಾರಿನವನಿಗೆ ಸುಮ್ಮನೆ ಹಾರ್ನ್ ಹೊಡೆದೆ. ಕ್ಯಾಂಪಿನ ಗೇಟಿನಲ್ಲಿ ಇಳಿಯುವಾಗ ಅವರು, ‘ನಿಮ್ಗೆ ಮೊದ್ಲೇ ಗೊತ್ತಿತ್ತಾ ಬಾಯಿ?’ ಎಂದು ಕೇಳಿದರು. ಹೌದು ಅಂದೆ. ತಲೆ ಆಡಿಸಿ ಒಳಗೆ ಹೋದರು.

ಪ್ರದರ್ಶನ ಮುಗಿಯಿತು. ಆ ಗೋಡೆಯನ್ನು ಮೂಲೆಯಷ್ಟಾದರೂ ಉಳಿಸಿ, ಜಿಪ್ಸಮ್ ಹಲಗೆಯಲ್ಲವೇ, ಕತ್ತರಿಸಿ ಕೊಡಿ ಎಂದು ಮುದೀರನನ್ನು ಕೇಳಿದೆ. ಮುಂದಿನ ಪ್ರದರ್ಶನಕ್ಕೆ ಅದೇ ಗೋಡೆ ಬೇಕು ಎಂದ. ಬೆಳ್ಳಗೆ ಮಾಡಲು ಬೇರೆ ಯಾರನ್ನಾದರೂ ಕಳಿಸೋಣ ಎಂದುಕೊಂಡೆ. ಯಶೋಧರಣ್ಣ ಒಪ್ಪಲಿಲ್ಲ.

‘ಬೇರೆಯವ್ರು ಸರಿ ಮಾಡುದಿಲ್ಲ. ಕೆಂಪು ಉಂಟಲ್ಲ, ಅದು ಎಷ್ಟು ಬಿಳಿ ಹೊಡೆದ್ರೂ ಮೇಲೆ ಬರ್ತದೆ. ನಾನೇ ಹೋಗ್ತೇನೆ.’

ಊರಿಗೆ ಹೊರಡುವ ಮೊದಲು ಅದೇ ಅವರ ಕೊನೆಯ ಕೆಲಸ. ನಾನೂ ಜೊತೆಗೆ ಹೋದೆ, ಆಫೀಸಿನಲ್ಲಿ ತಲೆನೋವು ಎಂದು ಹೇಳಿ. ಚೀಟಿಯನ್ನು ಯಾರೋ ಆಗಲೇ ಕಿತ್ತಿದ್ದರು, ಅಂಟಿನ ಗುರುತು ಮಾತ್ರ ಇತ್ತು. ಯಶೋಧರಣ್ಣ ಟೇಪ್ ಹಚ್ಚಿದರು, ನೆಲಕ್ಕೆ ಪ್ಲಾಸ್ಟಿಕ್ ಹಾಸಿದರು. ಮೇಲಿನಿಂದ ಶುರು ಮಾಡಿದರು. ಹಾಲು ಚಿಮುಕಿಸುವ ಮುದುಕಿ ಹೋದಳು. ಹೊಗೆ ಹೋಯಿತು. ಸಿಗ್ನಲಿನ ಕುದುರೆ ಹೋಯಿತು. ಬೋಟಿನ ಮೂಲೆ ಒಂದು ಉಳಿದಾಗ ನನ್ನಿಂದ ತಡೆಯಲಾಗಲಿಲ್ಲ. ಅವರ ತಗಡಿನ ಪೆಟ್ಟಿಗೆಯ ಬ್ರಶ್ಶುಗಳಲ್ಲಿ ಒಂದನ್ನು ನಾನೇ ಹೇಳಿ ತರಿಸಿದ್ದೆ. ಅದನ್ನು ಮುಂದೆ ಹಿಡಿದೆ.

‘ಈಗಾದ್ರೂ ಹೆಸ್ರು ಬರೀರಿ ಯಶೋಧರಣ್ಣ. ನಾನು ಫೋಟೋ ತೆಗಿತೇನೆ, ನೀವು ಪಕ್ಕದಲ್ಲಿ ನಿಂತು. ಅಪೇಕ್ಷಾಗೆ ಕಳಿಸಿ. ಆಮೇಲೆ ಹೊಡೀರಿ ಬೇಕಾದ್ರೆ.’

ಅವರು ಬ್ರಶ್ಶನ್ನು ನೋಡಿದರು, ಖಾಲಿ ಪಟ್ಟಿಯನ್ನು ನೋಡಿದರು. ಒಂದು ಕ್ಷಣ ತೆಗೆದುಕೊಳ್ಳುತ್ತಾರೆ ಅಂದುಕೊಂಡೆ. ಬೆರಳು ಗಾಳಿಯಲ್ಲಿ ಯ ಎಂದು ಬರೆಯಿತು, ನಾನು ಕಣ್ಣಾರೆ ಕಂಡೆ.

‘ಬೇಡ ಬಾಯಿ,’ ಅಂದರು. ‘ನೀರಿಗಿಳಿಯದ ಬೋಟಿಗೆ ಹೆಸ್ರು ಬರೀಬಾರ್ದು.’

ರೋಲರ್ ಎತ್ತಿದರು. ಮೀನಿನ ಬುಟ್ಟಿಯ ಹೆಂಗಸರು ಹೋದರು, ಇಣುಕುವ ಒಂಟೆಗಳು ಹೋದವು, ಬೋಟು ಹೋಯಿತು. ಹೇಳಿದ ಹಾಗೆಯೇ ಕೆಂಪು ತೆಳ್ಳಗೆ ಮೇಲೆ ಬಂತು. ಹಾಗೇ ಬಿಡಿ ಎಂದು ಬೇಡಿಕೊಂಡೆ, ಯಾರು ನೋಡುತ್ತಾರೆ ಅಂದೆ. ಅವರು ಕೇಳಲಿಲ್ಲ. ಒಣಗಲು ಬಿಟ್ಟು, ಕಲೆ ಏಳದ ಪ್ರೈಮರ್ ಹಚ್ಚಿ, ಅದರ ಮೇಲೆ ಮತ್ತೆ ಬಿಳಿ ಹೊಡೆದರು. ಟಾರ್ಚನ್ನು ಗೋಡೆಗೆ ಓರೆ ಹಿಡಿದು ಮೂಲೆ ಮೂಲೆ ಪರೀಕ್ಷೆ ಮಾಡಿದರು. ಎಂತದೂ ಉಳಿದಿರಲಿಲ್ಲ.

ಮುದೀರ್ ಬಂದು ಬೋಟು ಇದ್ದ ಜಾಗದಲ್ಲಿ ಅಂಗೈ ಆಡಿಸಿದ. ತೃಪ್ತಿಯಾಯಿತು.

‘ಮಾಶಾಲ್ಲಾ,’ ಅಂದ ನನ್ನ ಕಡೆ ತಿರುಗಿ. ‘ವೆರಿ ಗುಡ್ ಪೈಂಟರ್.’

ಯಶೋಧರಣ್ಣ ‘ಥ್ಯಾಂಕ್ಯೂ ಸರ್’ ಅಂದರು, ಬಕೆಟ್ ಎತ್ತಿಕೊಂಡು ರೋಲರ್ ತೊಳೆಯಲು ಹೊರಗಿನ ನಳ್ಳಿಯ ಹತ್ತಿರ ಹೋದರು.